ಹಳೇ ಕಾಂಟೆಸ್ಸಾಕ್ಕೆ ಹೊಸ ಸೈಲೆನ್ಸರ್: ಪೈಪಿನ ಅಳತೆಯಿಂದ ಕಾರ್ಬುರೇಟರ್ ತನಕ

ಹಳೇ ಕಾಂಟೆಸ್ಸಾ ಕಾರು ಗ್ಯಾರೇಜಿಗೆ ಬಂದರೆ ಮಾಲೀಕರ ಮೊದಲ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಅಣ್ಣಾ, ಸ್ವಲ್ಪ ದಪ್ಪ ಪೈಪು ಹಾಕ್ರಿ. ಗಾಡಿ ಚಲೋ ಎಳೀಬೇಕು, ಸೌಂಡೂ ಬರಬೇಕು." ಈ ಎರಡು ಆಸೆಗಳು ಜೊತೆಯಾಗಿ ಹೋಗುವುದಿಲ್ಲ. ಅಳತೆ ಮೀರಿದ ಪೈಪು ಹಾಕಿದರೆ ಸೌಂಡು ಬರುತ್ತದೆ, ಎಳೆತ ಹೋಗುತ್ತದೆ. ಎಂಜಿನ್ನಿಗೆ ತಕ್ಕ ಅಳತೆ, ಸೋರದ ಜೋಡಣೆ, ಬಿಗಿಯಿಲ್ಲದ ತೂಗು, ಕೊನೆಗೆ ಕಾರ್ಬುರೇಟರ್ ಟ್ಯೂನಿಂಗ್. ಈ ನಾಲ್ಕು ಕೂಡಿ ಬಂದಾಗ ಮಾತ್ರ ಸೈಲೆನ್ಸರಿಗೆ ಹಾಕಿದ ದುಡ್ಡಿಗೆ ಬೆಲೆ.

ಕಾಂಟೆಸ್ಸಾ 1984ರಲ್ಲಿ ಬಂದಾಗ ಅದರೊಳಗೆ ಇದ್ದದ್ದು ಅಂಬಾಸಿಡರಿನ 1489 ಸಿ.ಸಿ. ಎಂಜಿನ್. ಇಂಗ್ಲೆಂಡಿನ ಬಿಎಂಸಿ ಕಂಪನಿಯ 'ಬಿ-ಸೀರೀಸ್' ಮನೆತನದ್ದು. ಅದೇ ಮನೆತನದ 1489 ಸಿ.ಸಿ. ಎಂಜಿನ್ನನ್ನೇ 1955ರ ಎಂಜಿಎ ಸ್ಪೋರ್ಟ್ಸ್ ಕಾರಿಗೂ ಹಾಕಿದ್ದರು. ಅಲ್ಲಿ ಅದು ಸುಮಾರು 70 ಕುದುರೆ ಶಕ್ತಿ ಕೊಡುತ್ತಿತ್ತು, ಇಲ್ಲಿ ಸುಮಾರು 50. ಎರಡು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಷನ್, ವಾಲ್ವ್ ತೆರೆಯುವ ಬೇರೆ ಕ್ಯಾಮ್, ಜೊತೆಗೆ ಹೊಗೆ ಸಲೀಸಾಗಿ ಹೋಗುವ ದಾರಿ ಎಲ್ಲ ಸೇರಿ ಆ ವ್ಯತ್ಯಾಸ ಆಗಿದೆ. ಸೈಲೆನ್ಸರ್ ಒಂದನ್ನೇ ಬದಲಿಸಿ 20 ಕುದುರೆ ಶಕ್ತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತುಕ್ಕು ಹಿಡಿದು ಒಳಗೆ ತಗಡು ಕಳಚಿದ ಸೈಲೆನ್ಸರ್ ಡಬ್ಬಿ, ಪೈಪು ಬಾಗುವಲ್ಲಿ ಚಪ್ಪಟೆಯಾದ ಬೆಂಡು, ಸೋರುವ ಪ್ಯಾಕಿಂಗ್ ಇವುಗಳಿಂದ ಕಳೆದುಹೋದ ಶಕ್ತಿ ಮರಳಿ ಬರುತ್ತದೆ. ಮುಂದೆ ಬಂದ ಕಾಂಟೆಸ್ಸಾ ಕ್ಲಾಸಿಕ್‌ನಲ್ಲಿ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಇದೆ. ಅದರ ಅಳತೆ ಬೇರೆ, ಆದರೆ ತತ್ವ ಒಂದೇ.

ಹೊಗೆ ಹೇಗೆ ಓಡುತ್ತದೆ

ಎಂಜಿನ್ನಿನ ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮನೆ ಹರಿಯುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗಲೆಲ್ಲ ಒಂದು ಗುದ್ದು ಹೊರಬೀಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ಇಂಥ 100 ಗುದ್ದು. ಪ್ರತಿ ಗುದ್ದಿನ ಬೆನ್ನಿಗೇ ಒತ್ತಡ ಕುಸಿದ ಟೊಳ್ಳೊಂದು ಬರುತ್ತದೆ. ಪೈಪಿನೊಳಗೆ ಹೊಗೆ ಚುರುಕಾಗಿ ಓಡುತ್ತಿದ್ದರೆ ಆ ಟೊಳ್ಳು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಹೊಸ ಗಾಳಿ-ಪೆಟ್ರೋಲು ತುಂಬುತ್ತದೆ. ಪೈಪು ಬಹಳ ದಪ್ಪವಾದರೆ ಹೊಗೆ ಒಳಗೇ ಹಿಗ್ಗಿ, ತಣಿದು, ನಿಧಾನಗೊಂಡು, ಸೆಳೆತ ಸತ್ತುಹೋಗುತ್ತದೆ. ಬಹಳ ಸಣ್ಣದಾದರೆ ಮೇಲಿನ ಸುತ್ತಿನಲ್ಲಿ ಉಸಿರು ಕಟ್ಟುತ್ತದೆ. "ಎಂಜಿನ್ನಿಗೆ ಬ್ಯಾಕ್ ಪ್ರೆಶರ್ ಬೇಕು", ಅಂದರೆ ಹೊಗೆಗೆ ಸ್ವಲ್ಪ ತಡೆ ಬೇಕು ಎನ್ನುವ ಗ್ಯಾರೇಜಿನ ಮಾತು ಅರ್ಧ ಸರಿ. ಎಂಜಿನ್ನಿಗೆ ಬೇಕಾದದ್ದು ವೇಗ. ತಡೆ ಯಾವ ಎಂಜಿನ್ನಿಗೂ ಬೇಡ.

ಈ ವೇಗವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. 1489 ಸಿ.ಸಿ. ಎಂಜಿನ್ 5000 ಸುತ್ತಿನಲ್ಲಿ, ಸಿಲಿಂಡರುಗಳು ಶೇ. 80ರಷ್ಟು ತುಂಬುತ್ತವೆ ಎಂದುಕೊಂಡರೆ, ನಿಮಿಷಕ್ಕೆ ಸುಮಾರು 2980 ಲೀಟರ್ ಗಾಳಿ ಎಳೆಯುತ್ತದೆ. ಪೈಪಿನ ನಡುಭಾಗದಲ್ಲಿ ಹೊಗೆ ಸುಮಾರು 450 ಡಿಗ್ರಿ ಇರುವುದರಿಂದ ಆ ಗಾಳಿ ಹಿಗ್ಗಿ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಅದನ್ನು ಪೈಪಿನ ಒಳ ವಿಸ್ತೀರ್ಣದಿಂದ ಭಾಗಿಸಿ. 16 ಗೇಜಿನ, ಅಂದರೆ 1.6 ಮಿ.ಮೀ. ದಪ್ಪ ತಗಡಿನ ಒಂದೂವರೆ ಇಂಚಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 120 ಮೀಟರ್, ಒಂದೂಮುಕ್ಕಾಲು ಇಂಚಿನಲ್ಲಿ 86, ಎರಡು ಇಂಚಿನಲ್ಲಿ 65, ಎರಡೂವರೆ ಇಂಚಿನಲ್ಲಿ ಬರೀ 40. ಗರಿಷ್ಠ ಸುತ್ತಿನಲ್ಲಿ 75ರಿಂದ 90 ಮೀಟರ್ ಸಿಕ್ಕರೆ ಒಳ್ಳೆಯದು. ಹಾಗಾಗಿ 1.5 ಲೀಟರಿಗೆ ಒಂದೂಮುಕ್ಕಾಲು ಇಂಚು. ಇಸುಜು 1.8ಕ್ಕೆ ಎರಡು ಇಂಚು ಹಾಕಿದರೆ 80ರ ಹತ್ತಿರ ಬರುತ್ತದೆ. ಎರಡೂವರೆ ಇಂಚಿನ ಪೈಪು ಹಾಕಿಸಿಕೊಂಡ ಗಾಡಿಗಳು ಮೂರನೇ ಗೇರಿನಲ್ಲಿ ಏರು ಹತ್ತುವಾಗ ಯಾಕೆ ಸುಸ್ತಾಗುತ್ತವೆ ಎಂಬುದಕ್ಕೆ ಉತ್ತರ ಆ 40ರಲ್ಲೇ ಇದೆ.

ಮ್ಯಾನಿಫೋಲ್ಡ್: ಮುಟ್ಟುವ ಮೊದಲು ಯೋಚಿಸಿ

ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಪೈಪಿಗೆ ಬಿಡುವ ಭಾಗವೇ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಬಿ-ಸೀರೀಸ್ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಹೊಗೆಯ ಬಾಯಿ ಮೂರೇ. 1ಕ್ಕೆ ಒಂದು, 4ಕ್ಕೆ ಒಂದು, 2 ಮತ್ತು 3ಕ್ಕೆ ಸೇರಿ ನಡುವೆ ಒಂದು. ನೋಡಿದರೆ ಜಿಪುಣತನ ಅನಿಸಬಹುದು, ಆದರೆ ಇದರಿಂದ ತೊಂದರೆ ಇಲ್ಲ. ಸಿಲಿಂಡರುಗಳು ಉರಿಯುವ ಸರದಿ (ಫೈರಿಂಗ್ ಆರ್ಡರ್) 1-3-4-2. ಹಾಗಾಗಿ 3 ಉರಿದ ಮೇಲೆ 2 ಉರಿಯಲು ಕ್ರ್ಯಾಂಕು ಪೂರ್ತಿ ಒಂದು ಸುತ್ತು ತಿರುಗಬೇಕು. ಎರಡು ಗುದ್ದುಗಳ ನಡುವೆ ಬೇಕಾದಷ್ಟು ಬಿಡುವು. 1 ಮತ್ತು 4ರದ್ದೂ ಅದೇ ಲೆಕ್ಕ. ಹೆಡ್ಡರ್, ಅಂದರೆ ಪೈಪುಗಳನ್ನೇ ಜೋಡಿಸಿದ ಮ್ಯಾನಿಫೋಲ್ಡ್ ಮಾಡಿಸುವುದಾದರೆ 1-4 ಪೈಪುಗಳನ್ನು ಮೊದಲು ಜೋಡಿಸಿ, ಆಮೇಲೆ ನಡುವಿನ ಪೈಪಿಗೆ ಕೂಡಿಸಬೇಕು. ಮೂರನ್ನೂ ಒಂದೇ ಕಡೆ ತಂದು ಸೇರಿಸಿದರೆ ಕೆಳಗಿನ ಸುತ್ತಿನ ಎಳೆತ ಹಾಳಾಗುತ್ತದೆ.

ಆದರೂ ನಮ್ಮ ಸಲಹೆ ಹೇಳಿಬಿಡುತ್ತೇವೆ: ದಿನಬಳಕೆಯ 1.5 ಕಾಂಟೆಸ್ಸಾಕ್ಕೆ ಬೀಡಿನ (ಎರಕದ ಕಬ್ಬಿಣದ) ಮ್ಯಾನಿಫೋಲ್ಡೇ ಇರಲಿ. ಈ ಎಂಜಿನ್ನಿನಲ್ಲಿ ಕಾರ್ಬುರೇಟರ್ ಮತ್ತು ಎಕ್ಸಾಸ್ಟ್ ಎರಡೂ ಒಂದೇ ಮಗ್ಗುಲಲ್ಲಿವೆ. ಏಪ್ರಿಲ್-ಮೇ ತಿಂಗಳ ಬಳ್ಳಾರಿಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟಿರುವಾಗ ತೆಳು ತಗಡಿನ ಹೆಡ್ಡರ್ ತನ್ನ ಕಾವನ್ನೆಲ್ಲ ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರಿಗೆ ಬೀರುತ್ತದೆ. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗತೊಡಗುತ್ತದೆ. ಗಾಡಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಸೆಲ್ಫು ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಹೆಡ್ಡರ್ ಬೇಕೇ ಬೇಕು ಎನ್ನುವವರು ಅದಕ್ಕೂ ಕಾರ್ಬುರೇಟರಿಗೂ ನಡುವೆ ಅಲ್ಯೂಮಿನಿಯಂ ತಗಡಿನ ಅಡ್ಡಮರೆ ಹಾಕಿ, ತಗಡಿನ ಎರಡೂ ಬದಿ ಗಾಳಿಯಾಡಲು ಒಂದು ಬೆರಳಿನಷ್ಟು ಜಾಗ ಬಿಡಬೇಕು. ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತುವುದು ಬೇಡ. ಪಟ್ಟಿ ತೇವ ಹಿಡಿದಿಟ್ಟು ಸಾದಾ ಸ್ಟೀಲನ್ನು ಒಳಗಿಂದೊಳಗೇ ತಿನ್ನಿಸುತ್ತದೆ.

ಹಳೇ ಮ್ಯಾನಿಫೋಲ್ಡ್ ಬಿಚ್ಚುವಾಗ ಅದನ್ನು ಹೆಡ್ಡಿಗೆ ಹಿಡಿದಿಡುವ ಮರೆಯ ಕಡ್ಡಿ, ಅಂದರೆ ಸ್ಟಡ್ ಮುರಿಯುವುದೇ ದೊಡ್ಡ ಭಯ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಸುತ್ತ ಪೆಟ್ರೋಲಿನ ವಾಸನೆ ಕೂಡ ಇಲ್ಲವೆಂದು ನೋಡಿಕೊಂಡು ಗ್ಯಾಸ್ ಟಾರ್ಚಿನಿಂದ ನಟ್ಟಿಗೆ ಮಾತ್ರ ಕಾವು ಕೊಡಿ. ನಟ್ಟು ಹಿಗ್ಗಬೇಕು, ಸ್ಟಡ್ ಹಿಗ್ಗಬಾರದು. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ, 'ಟಿಕ್' ಎಂದ ಮೇಲೆ ಬಿಚ್ಚುವ ಕಡೆಗೆ. ಮರಳಿ ಹಾಕುವಾಗ ಹಿತ್ತಾಳೆ ನಟ್ಟು ಬಳಸಿದರೆ ಮುಂದಿನ ಸಲ ಈ ಗೋಳಿಲ್ಲ.

ಬಿಚ್ಚಿದ ಮ್ಯಾನಿಫೋಲ್ಡಿನ ಮುಖಕ್ಕೆ ಸ್ಟೀಲ್ ಪಟ್ಟಿ ಹಿಡಿದು, ಸಂದಿ ಅಳೆಯುವ ತೆಳು ಎಲೆಯಾದ ಫೀಲರ್ ಗೇಜ್ ತೂರಿಸಿ. 0.15 ಮಿ.ಮೀ. ಗೇಜು ಒಳಗೆ ಹೋದರೆ ಮುಖ ಸೊಟ್ಟಗಿದೆ, ಎಂಜಿನ್ ಬೋರಿಂಗ್ ಅಂಗಡಿಯಲ್ಲಿ ಗ್ರೈಂಡ್ ಮಾಡಿಸಿ. ಇಲ್ಲಿ ಬಹಳ ಜನ ಮರೆಯುವ ಒಂದು ವಿಷಯವಿದೆ. ಬಿ-ಸೀರೀಸ್‌ನಲ್ಲಿ ಇನ್‌ಲೆಟ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡುಗಳ ಫ್ಲಾಂಜುಗಳು, ಅಂದರೆ ಹೆಡ್ಡಿಗೆ ಕೂರುವ ಚಪ್ಪಟೆ ಅಂಚುಗಳು ಅಕ್ಕಪಕ್ಕ ಕೂತು, ನಡುವಿನ ದಪ್ಪ ವಾಷರ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯುತ್ತದೆ. ಎಕ್ಸಾಸ್ಟ್ ಮುಖ ಗ್ರೈಂಡ್ ಮಾಡಿಸಿ ಅರ್ಧ ಮಿಲಿಮೀಟರ್ ಸವೆಸಿದರೆ ಅದರ ಫ್ಲಾಂಜು ಅಷ್ಟು ತೆಳುವಾಯಿತು, ವಾಷರ್ ವಾಲಿತು, ಎಕ್ಸಾಸ್ಟ್ ಕಡೆ ಒತ್ತು ಬೀಳಲೇ ಇಲ್ಲ. ಎಷ್ಟು ಬಿಗಿದರೂ ಸೋರುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ. ಎರಡು ಫ್ಲಾಂಜುಗಳ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಸಮ ಮಾಡಿಕೊಂಡು, ಆಮೇಲೆ ನಡುವಿನಿಂದ ಎರಡೂ ತುದಿಗೆ ಸುಮಾರು 20 ನ್ಯೂಟನ್ ಮೀಟರ್ ಬಿಗಿಯಿರಿ. ಅದಕ್ಕಿಂತ ಹೆಚ್ಚು ಬಿಗಿದರೆ ಮುರಿಯುವುದು ಸ್ಟಡ್ಡೇ.

ಯಾವ ಪೈಪು, ಹೇಗೆ ಬಗ್ಗಿಸುವುದು

ಉಕ್ಕಿನ ಕಾರ್ಖಾನೆಯ ತೋರಣಗಲ್ಲಿನ ಪಕ್ಕದಲ್ಲೇ ಇರುವ ಬಳ್ಳಾರಿಯಲ್ಲಿ ಪೈಪಿಗೆ ಬರವಿಲ್ಲ, ತಪ್ಪು ಪೈಪಿಗೂ ಬರವಿಲ್ಲ. ನೀರಿನ ಜಿಐ ಪೈಪು ಯಾವ ಕಾರಣಕ್ಕೂ ಬೇಡ. ಅದರ ಸತುವಿನ ಲೇಪ ವೆಲ್ಡಿಂಗ್ ಮಾಡುವಾಗ ಬಿಳಿ ಹೊಗೆಯಾಗಿ ವೆಲ್ಡರನಿಗೆ ಚಳಿಜ್ವರ ತರುತ್ತದೆ. ಗ್ರಿಲ್ ಅಂಗಡಿಯ ಹೊಳೆಯುವ ಸ್ಟೇನ್‌ಲೆಸ್ ಪೈಪು ಬಹುಪಾಲು 202 ದರ್ಜೆಯದು, ತಗಡೂ ತೆಳು. ನಿಕ್ಕಲ್ ಕಡಿಮೆ ಇರುವುದರಿಂದ ವೆಲ್ಡ್ ಸಾಲಿನಲ್ಲಿ ಬೇಗ ತುಕ್ಕು ಕಾಣುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, 202 ಮತ್ತು ನಿಕ್ಕಲ್ ಹೆಚ್ಚಿರುವ 304 ದರ್ಜೆ ಎರಡಕ್ಕೂ ಅದು ಅಂಟುವುದಿಲ್ಲ. ಸ್ಟೀಲ್ ಅಂಗಡಿಗಳಲ್ಲಿ ಪರೀಕ್ಷೆಯ ದ್ರಾವಣ ಇರುತ್ತದೆ, ಒಂದು ಹನಿ ಹಾಕಿಸಿ ಬಣ್ಣ ನೋಡಿಯೇ ದುಡ್ಡು ಕೊಡಿ.

ದೀರ್ಘ ಬಾಳಿಕೆಗೆ 304, 1.2ರಿಂದ 1.6 ಮಿ.ಮೀ. ದಪ್ಪ. ಕಡಿಮೆ ಖರ್ಚಿಗೆ 16 ಗೇಜಿನ, ಉದ್ದಕ್ಕೂ ವೆಲ್ಡ್ ಗೆರೆಯಿರುವ ಸಾದಾ ಇಆರ್‌ಡಬ್ಲ್ಯೂ ಪೈಪು. ಸಾದಾ ಪೈಪು ಹಾಳಾಗುವುದು ಒಳಗಿನಿಂದ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಲಾಂಗ್ ಓಡಿದ ಗಾಡಿಯಲ್ಲಿ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ ಎರಡು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯಲ್ಲಿ ಹಿಂದಿನ ಡಬ್ಬಿಯಲ್ಲೇ ಉಳಿಯುತ್ತದೆ. ಡಬ್ಬಿಯ ಅತಿ ತಗ್ಗಿನ ಜಾಗದಲ್ಲಿ 3 ಮಿ.ಮೀ. ತೂತು ಹಾಕಿದರೆ ಅದರ ಆಯುಷ್ಯ ಹೆಚ್ಚುತ್ತದೆ.

ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಗ್ಗಿಸಿದ ಬೆಂಡು ಒಳಮಗ್ಗುಲಲ್ಲಿ ಚಪ್ಪಟೆಯಾಗುತ್ತದೆ. ದಪ್ಪ ಪೈಪು ಕೊಂಡು ಬೆಂಡಿನಲ್ಲಿ ಅದನ್ನು ಸಣ್ಣ ಮಾಡಿದಂತೆ. ಸ್ಟೇನ್‌ಲೆಸ್ಸಿಗೆ ಒಳಗೆ ಅಚ್ಚಿಟ್ಟು ಚಪ್ಪಟೆಯಾಗದಂತೆ ಬಗ್ಗಿಸಿದ ಸಿದ್ಧ ಮ್ಯಾಂಡ್ರೆಲ್ ಬೆಂಡು ತಂದು ಕತ್ತರಿಸಿ ಜೋಡಿಸುವುದೇ ಸರಿ. ಸಾದಾ ಪೈಪಿಗೆ ಹಳೆಯ ಮರಳಿನ ವಿಧಾನ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಸಣ್ಣ ಮರಳನ್ನು ಸೋಸಿ, ಬಾಣಲೆಯಲ್ಲಿ ಹುರಿದು, ಕೈಗೆ ತೇವವೇ ತಾಗದ ಹಾಗೆ ಒಣಗಿಸಿ. ಪೈಪಿನ ಒಂದು ತುದಿಗೆ ಮರದ ಬಿರಡೆ ಬಡಿದು, ಮರಳು ತುಂಬುತ್ತಾ ಹೊರಗಿನಿಂದ ಸುತ್ತಿಗೆಯಿಂದ ತಟ್ಟುತ್ತಾ ಇರಿ. ತಟ್ಟಿದರೂ ಮರಳು ಇಳಿಯದಿದ್ದಾಗ ಮೇಲಿನ ಬಿರಡೆ ಹಾಕಿ. ಬೆಂಡು ಬರಬೇಕಾದ ಜಾಗಕ್ಕೆ ಮಾತ್ರ ಕೆಂಡದ ಬಣ್ಣ ಬರುವ ತನಕ ಕಾವು ಕೊಟ್ಟು, ಅಚ್ಚಿನ ಸುತ್ತ ನಿಧಾನವಾಗಿ ಎಳೆಯಿರಿ. ಪೈಪಿನ ಉದ್ದಕ್ಕೂ ಇರುವ ವೆಲ್ಡ್ ಗೆರೆ ಬೆಂಡಿನ ಹೊರಗೂ ಬರಬಾರದು, ಒಳಗೂ ಬರಬಾರದು, ಪಕ್ಕದಲ್ಲಿರಬೇಕು. ಇಲ್ಲದಿದ್ದರೆ ಅಲ್ಲೇ ಬಿರಿಯುತ್ತದೆ. ಮರಳಿನಲ್ಲಿ ತೇವ ಉಳಿದಿದ್ದರೆ ಅದು ಉಗಿಯಾಗಿ ಬಿರಡೆಯನ್ನು ಗುಂಡಿನಂತೆ ಹಾರಿಸುತ್ತದೆ. ತುದಿಯ ನೇರಕ್ಕೆ ಯಾರೂ ನಿಲ್ಲಬಾರದು.

ವೆಲ್ಡಿಂಗ್‌ನಲ್ಲಿ ಎರಡು ಮಾತು. ಪೈಪನ್ನು ಗಾಡಿಯಡಿಯಲ್ಲೇ ಇಟ್ಟು ಚುಕ್ಕೆ ವೆಲ್ಡ್ ಮಾತ್ರ ಮಾಡಿ, ಬಿಚ್ಚಿ ಹೊರಗೆ ತಂದು ಪೂರ್ತಿ ಮಾಡಿ. ಚುಕ್ಕೆಗೂ ಮೊದಲು ಬ್ಯಾಟರಿ ಮತ್ತು ಆಲ್ಟರ್ನೇಟರ್ ವೈರು ಬಿಚ್ಚಿರಬೇಕು. ಹಿಂದಿನ ಪೈಪು ಪೆಟ್ರೋಲ್ ಟ್ಯಾಂಕಿನ ಹತ್ತಿರ ಹೋಗುವ ಕಡೆ ಗಾಡಿಯಡಿ ಚುಕ್ಕೆಯೂ ಬೇಡ, ಗುರುತು ಹಾಕಿಕೊಂಡು ಹೊರಗೆ ತನ್ನಿ. ಡಿಕ್ಕಿಯಲ್ಲಿ ಎಲ್‌ಪಿಜಿ ಸಿಲಿಂಡರ್ ಇರುವ ಗಾಡಿಯಾದರೆ ಅದನ್ನು ಇಳಿಸದೆ ಕೆಲಸವನ್ನೇ ಶುರು ಮಾಡಬೇಡಿ. 304ಕ್ಕೆ 308ಎಲ್ ಕಡ್ಡಿ, 304ರಿಂದ ಸಾದಾ ಸ್ಟೀಲಿಗೆ 309ಎಲ್. ಟಿಗ್ (ಆರ್ಗಾನ್) ವೆಲ್ಡಿಂಗ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಹಾಯಿಸದಿದ್ದರೆ ಒಳಮೈ ಕಪ್ಪಗೆ, ಸಕ್ಕರೆ ಹರಳಿನ ಹಾಗೆ ಒರಟಾಗಿ ಏಳುತ್ತದೆ. ಬಿರುಕು ಅಲ್ಲಿಂದಲೇ ಶುರು.

ತೂಗು ಹಾಕುವ ಕೆಲಸ, ಮತ್ತು ರಾಶಿಯ ದಿನಗಳು

ಮೂರೂವರೆ ಮೀಟರ್ ಉದ್ದದ ಪೈಪು ಸರಾಸರಿ 250 ಡಿಗ್ರಿ ಬಿಸಿಯೇರಿದರೆ ಸಾದಾ ಸ್ಟೀಲಾದರೆ 10 ಮಿ.ಮೀ., 304 ಆದರೆ 15 ಮಿ.ಮೀ. ಉದ್ದವಾಗುತ್ತದೆ. ಜೊತೆಗೆ ಎಂಜಿನ್ ರಬ್ಬರ್ ಮೌಂಟಿನ ಮೇಲೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಅಡ್ಡಕ್ಕೆ ತೂಗುತ್ತದೆ. ಪೈಪನ್ನು ಬಾಡಿಗೆ ಕಬ್ಬಿಣದ ಪಟ್ಟಿಯಿಂದ ಬಿಗಿದರೆ ಈ ಚಲನೆಗೆ ಎಲ್ಲಿಯೂ ದಾರಿಯಿಲ್ಲ. ಮೊದಲು ಕ್ಯಾಬಿನ್ನಿನಲ್ಲಿ ಗುಂಯ್ ಶಬ್ದ, ಆಮೇಲೆ ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಡೌನ್ ಪೈಪಿನ ಕುತ್ತಿಗೆಯಲ್ಲಿ ಬಿರುಕು. ಡೌನ್ ಪೈಪನ್ನು ಗೇರ್‌ಬಾಕ್ಸಿಗೆ ಬ್ರಾಕೆಟ್ಟಿನಿಂದ ಹಿಡಿಸಿ, ಅದರ ಹಿಂದೆ ಜಾಲರಿ ಹೊದಿಕೆಯ ಫ್ಲೆಕ್ಸ್ ಪೈಪು, ಅಲ್ಲಿಂದ ಹಿಂದಕ್ಕೆ ಎಲ್ಲವೂ ರಬ್ಬರ್ ಹ್ಯಾಂಗರಿನಲ್ಲಿ. ಬಾಡಿಯಿಂದ 25 ಮಿ.ಮೀ. ಅಂತರವಿರಲಿ. ಪೆಟ್ರೋಲ್ ಪೈಪಿನಿಂದ ಕನಿಷ್ಠ 35 ಮಿ.ಮೀ. ಎಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಹಿಂದಿನ ಆಕ್ಸಲ್ ಮೇಲೆ ಹಾಯುವ ಬೆಂಡನ್ನು ಗಾಡಿ ಚಕ್ರದ ಮೇಲೆ ನಿಂತಾಗ, ಬಾಡಿಯನ್ನು ಜಾಕಿಯಲ್ಲಿ ಎತ್ತಿ ಆಕ್ಸಲ್ ಜೋತುಬಿದ್ದಾಗ, ಆಕ್ಸಲ್ ಬಂಪ್ ರಬ್ಬರಿಗೆ ತಾಗುವಷ್ಟು ಮೇಲೇರಿದಾಗ, ಹೀಗೆ ಮೂರು ಸ್ಥಿತಿಯಲ್ಲೂ ನೋಡಲೇಬೇಕು.

ಜೋಡಣೆಯಲ್ಲಿ ಮುಂದಿನ ಪೈಪಿನ ತುದಿ ಹಿಂದಿನ ಪೈಪಿನ ಒಳಗೆ 40-50 ಮಿ.ಮೀ. ಹೋಗಬೇಕು. ಉಲ್ಟಾ ಮಾಡಿದರೆ ಹೊಗೆಯೇ ಸಂದಿಯನ್ನು ಹುಡುಕಿಕೊಳ್ಳುತ್ತದೆ. ಯು-ಬೋಲ್ಟ್ ಕ್ಲಾಂಪು ಪೈಪನ್ನು ಹಿಂಡಿ ಹಾಕುತ್ತದೆ, ಮುಂದೆ ಬಿಚ್ಚಲು ಗರಗಸವೇ ಗತಿ. ಅಗಲ ಪಟ್ಟಿಯ ಕ್ಲಾಂಪು ಹಾಕಿ, ಬೋಲ್ಟಿನ ಮೊನೆ ಮೇಲ್ಮುಖವಾಗಿರಲಿ.

ಮೊನೆ ಮೇಲ್ಮುಖವಾಗಿರಬೇಕು ಎಂದದ್ದಕ್ಕೆ ಈ ಸೀಮೆಯದ್ದೇ ಕಾರಣವಿದೆ. ರಾಶಿಯ ದಿನಗಳಲ್ಲಿ ರೈತರು ಹುರುಳಿ ಬಳ್ಳಿ, ತೊಗರಿ, ಜೋಳ, ಸಜ್ಜೆಯನ್ನು ರಸ್ತೆಯ ಮೇಲೆ ಹರಡುತ್ತಾರೆ. ಗಾಡಿ ಅದರ ಮೇಲೆ ಹೋದಾಗ ಒಣ ಬಳ್ಳಿ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಪೈಪಿಗೆ ಚಾಚಿದ ಬೋಲ್ಟು-ಬ್ರಾಕೆಟ್ಟುಗಳಿಗೆ ತೊಡರುತ್ತದೆ. ಡೌನ್ ಪೈಪು ಅದನ್ನು ಹೊತ್ತಿಸುವಷ್ಟು ಬಿಸಿ ಇರುತ್ತದೆ. ಹೀಗೆ ಹುಲ್ಲು ಸುತ್ತಿಕೊಂಡು ಕರ್ನಾಟಕದಲ್ಲಿ ಕಾರುಗಳು ಸುಟ್ಟುಹೋದದ್ದಿದೆ. ಕಾಂಟೆಸ್ಸಾದಂಥ ಹಿಂದಿನ ಚಕ್ರದ ಗಾಡಿಯಲ್ಲಿ ಶಾಫ್ಟು ಮತ್ತು ಪೈಪು ಅಕ್ಕಪಕ್ಕ ಓಡುವುದರಿಂದ ಅಪಾಯ ಇನ್ನೂ ಹೆಚ್ಚು. ಪೈಪು ನಯವಾಗಿ, ಆದಷ್ಟು ಎತ್ತರದಲ್ಲಿ ಕೂರಲಿ. ರಾಶಿಯ ಮೇಲೆ ಹಾಯಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಕೋಲಿನಿಂದ ಎಳೆದು ತೆಗೆಯಿರಿ. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ಮಳೆಗಾಲದಲ್ಲಿ ಇನ್ನೊಂದು ಕಾಟ: ಎರೆ ಮಣ್ಣು ಡಬ್ಬಿಯ ಮೇಲ್ಭಾಗದಲ್ಲಿ ಕಟ್ಟಿ ಗಟ್ಟಿಯಾಗಿ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಕೆಳಗಿನಿಂದ ನೋಡಿದರೆ ಕಾಣದು, ಕೈ ಹಾಕಿಯೇ ತೊಳೆಯಬೇಕು.

ಸದ್ದಿನ ಲೆಕ್ಕ

ಒಳಗೆ ಗೋಡೆಗಳಿರುವ ಡಬ್ಬಿ ಸದ್ದನ್ನು ಹೆಚ್ಚು ತಗ್ಗಿಸುತ್ತದೆ, ಹೊಗೆಯನ್ನೂ ಸ್ವಲ್ಪ ತಡೆಯುತ್ತದೆ. ತೂತಿನ ಪೈಪಿನ ಸುತ್ತ ಗ್ಲಾಸ್ ವುಲ್ ತುಂಬಿದ ನೇರ ಡಬ್ಬಿ ಹೊಗೆಯನ್ನು ಬಿಡುತ್ತದೆ, ಕೀರಲು ಸದ್ದನ್ನು ಹೀರುತ್ತದೆ, ಆದರೆ ಗುಡುಗನ್ನು ಬಿಟ್ಟುಬಿಡುತ್ತದೆ. ಹೊಸಪೇಟೆ ರಸ್ತೆಯಲ್ಲಿ 2500 ಸುತ್ತಿಗೆ ಹಿಡಿದು ಓಡುವಾಗ ನಾಲ್ಕು ಸಿಲಿಂಡರಿನ ಗುದ್ದು ಸೆಕೆಂಡಿಗೆ 83. ಕಾರಿನ ಕ್ಯಾಬಿನ್ ಇಂಥ ತಗ್ಗು ಸದ್ದಿಗೆ ಸುಲಭವಾಗಿ ದನಿಗೂಡಿಸುತ್ತದೆ. ಅರ್ಧ ಗಂಟೆಯಲ್ಲಿ ತಲೆನೋವು. ನಡುವೆ ಸಣ್ಣ ನೇರ ಡಬ್ಬಿ, ಹಿಂದೆ ಗೋಡೆಯುಳ್ಳ ದೊಡ್ಡ ಡಬ್ಬಿ ಎಂಬ ಜೋಡಿ ಇಂಥ ಗಾಡಿಗೆ ಚೆನ್ನಾಗಿ ಒಗ್ಗುತ್ತದೆ.

ಟೇಲ್ ಪೈಪಿನ ಬಾಯಿ ಕೆಳಕ್ಕೂ ಎಡಕ್ಕೂ ಇರಬಾರದು ಎಂಬ ನಿಯಮವಿದೆ, ಹಿಂದಕ್ಕೆ ನೇರ ಬಿಡಿ. ಬಂಪರ್ ದಾಟಿ ಹೊರಬರಲಿ, ಇಲ್ಲದಿದ್ದರೆ ಹೊಗೆ ಡಿಕ್ಕಿಯ ಸಂದಿಯಿಂದ ಒಳಗೆ ಬರುತ್ತದೆ. ಸೈಲೆನ್ಸರ್ ತೆಗೆದು ಸದ್ದು ಮಾಡಿಕೊಂಡು ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2) ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ, ಮೂರು ತಿಂಗಳ ತನಕ ಜೈಲು ಇದೆ.

ಕೊನೆಯ ಕೆಲಸ ಕಾರ್ಬುರೇಟರ್

ಹೊಗೆ ಸಲೀಸಾಗಿ ಹೋದರೆ ಗಾಳಿ ಹೆಚ್ಚು ಬರುತ್ತದೆ, ಅದೇ ಜೆಟ್ಟಿನಲ್ಲಿ, ಅಂದರೆ ಪೆಟ್ರೋಲ್ ಬಿಡುವ ಅದೇ ಅಳತೆಯ ತೂತಿನಲ್ಲಿ, ಮಿಶ್ರಣ ತೆಳುವಾಗಬಹುದು. ಈಗ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಅದನ್ನು ಸುಮಾರು ಶೇ. 7-8ರಷ್ಟು ಇನ್ನೂ ತೆಳು ಮಾಡುತ್ತದೆ. ಎರಡೂ ಸೇರಿದರೆ ವಾಲ್ವ್ ಸುಡಲು ಬೇರೆ ಕಾರಣ ಬೇಕಿಲ್ಲ. ಕಾರ್ಬುರೇಟರ್ ಸೋಲೆಕ್ಸ್ ಮಾದರಿಯಾದರೆ ಮೇನ್ ಜೆಟ್ಟನ್ನು ಐದೈದು ಅಂಕಿ ಏರಿಸುತ್ತಾ ಹೋಗಿ, ಎಸ್‌ಯು ಆದರೆ ಜೆಟ್ ನಟ್ಟನ್ನು ಒಂದೊಂದೇ ಮುಖ ಕೆಳಕ್ಕೆ ತಿರುಗಿಸಿ. ಪ್ರತಿ ಸಲ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಸುಣ್ಣದ ಬಿಳುಪಿದ್ದರೆ ತೆಳು, ಮಸಿ ಹಿಡಿದಿದ್ದರೆ ದಪ್ಪ, ತಿಳಿ ಕಂದು ಬಂದರೆ ಸಾಕು.

ಟ್ಯೂನಿಂಗಿಗೆ ಮೊದಲು ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಎಂಜಿನ್ ತಣ್ಣಗಿರುವಾಗ ಟೇಲ್ ಪೈಪಿಗೆ ಬ್ಲೋಯರ್ ಹಿಡಿದು, ಪ್ರತಿ ಜೋಡಣೆಗೂ ಸೋಪಿನ ನೀರು ಬಳಿಯಿರಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಎಂಜಿನ್ ಚಾಲೂ ಇಟ್ಟು ಪರೀಕ್ಷಿಸುವುದಾದರೆ ಬಯಲಿನಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಪ್ರಾಣ ತೆಗೆಯುತ್ತದೆ. ಸೋರುವ ಜಾಗದಿಂದ ಗುದ್ದುಗಳ ನಡುವಿನ ಟೊಳ್ಳಿನಲ್ಲಿ ಹೊರಗಿನ ಗಾಳಿ ಒಳಕ್ಕೂ ಸೇರುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿಯುವುದು ಇದರಿಂದಲೇ. ಹೊಗೆ ತಪಾಸಣೆಯಲ್ಲೂ ಆ ಗಾಳಿ ಬೆರೆತು ಸುಳ್ಳು ಅಂಕಿ ಬರುತ್ತದೆ. 2000ಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ. 3, ಹೈಡ್ರೋಕಾರ್ಬನ್ 1500 ಪಿಪಿಎಂ (ಹತ್ತು ಲಕ್ಷಕ್ಕೆ 1500 ಪಾಲು) ಮಿತಿ. ಜೋಡಣೆ ಬಿಗಿಯಿದ್ದು ಮಿಶ್ರಣ ಸರಿಯಿದ್ದರೆ ಹಳೇ ಬಿ-ಸೀರೀಸ್ ಕೂಡ ಇದರೊಳಗೆ ಬರುತ್ತದೆ.

ಮೊದಲ ಓಟ ಮುಗಿಸಿ ಎಂಜಿನ್ ಪೂರ್ತಿ ತಣಿದ ಮೇಲೆ ಮ್ಯಾನಿಫೋಲ್ಡ್ ನಟ್ಟುಗಳನ್ನು ಮತ್ತೊಮ್ಮೆ ಅದೇ 20 ನ್ಯೂಟನ್ ಮೀಟರಿಗೆ ಬಿಗಿಯಿರಿ, 500 ಕಿಲೋಮೀಟರಿಗೆ ಇನ್ನೊಮ್ಮೆ. ಆಗ ಟಾರ್ಚು ಹಿಡಿದು ಫ್ಲಾಂಜಿನ ಅಂಚು ನೋಡಿ. ಕಪ್ಪು ಮಸಿಯ ಸಣ್ಣ ಗೆರೆಯೊಂದು ಕಂಡರೆ, ಕಿವಿಗೆ ಇನ್ನೂ ಏನೂ ಕೇಳದಿದ್ದರೂ, ಆ ಪ್ಯಾಕಿಂಗ್ ಬದಲಿಸಿ.